ಗೋಲಿ, ಗಾಲ್ಫ್ ಚೆಂಡು, ಸುಖೋಯ್: ಸ್ಟೆಲ್ತ್ ಹೋಲಿಸಲು ಹೋದ ನನ್ನ ಅನುಭವ

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಆಂಟೆನಾ ಮತ್ತು ರೇಡಾರ್ ಪಾಠ ಮಾಡುವವನು. 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನಕ್ಕೆ ರಷ್ಯಾದ ಸು-57, ಅಮೆರಿಕದ ಎಫ್-35 ಯುದ್ಧವಿಮಾನಗಳು ಎರಡೂ ಬರುತ್ತವೆ ಅಂತ ಸುದ್ದಿಯಾಯಿತು. ಆಮೇಲೆ ತರಗತಿಯಲ್ಲಿ ಒಂದೇ ಪ್ರಶ್ನೆ: "ಸರ್, ಯಾವುದು ಜಾಸ್ತಿ ಸ್ಟೆಲ್ತ್?" ಸ್ಟೆಲ್ತ್ ಅಂದರೆ ರೇಡಾರಿಗೆ ಸುಲಭವಾಗಿ ಸಿಗದೆ ಮರೆಯಾಗುವ ಗುಣ. ಮುಂದಿನ ವಾರ ಹೇಳ್ತೀನಿ ಅಂದೆ. ಆ ಮುಂದಿನ ವಾರ ಬರಲು ಮೂರು ತಿಂಗಳು ಹಿಡಿಯಿತು.

ಮೊದಲ ಪ್ರಯತ್ನದಲ್ಲೇ ಎಡವಿದೆ. ಬೋರ್ಡಿನ ಮೇಲೆ ಎರಡು ಅಂಕಿ ಬರೆದೆ. ರೇಡಾರ್ ಕಣ್ಣಿಗೆ ವಿಮಾನ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದಕ್ಕೆ ಆರ್‌ಸಿಎಸ್ ಅನ್ನುತ್ತೇವೆ, ಅಳತೆ ಚದರ ಮೀಟರಿನಲ್ಲಿ. ಸುಖೋಯ್ ಕಂಪನಿ ತನ್ನ ಸು-57ಕ್ಕೆ ಪಡೆದ ಪೇಟೆಂಟಿನಲ್ಲಿ 0.1ರಿಂದ 1 ಚದರ ಮೀಟರ್ ಅಂತಿದೆ. ಅಮೆರಿಕದವರು ಎಫ್-35 ಗಾಲ್ಫ್ ಚೆಂಡಿನಷ್ಟು, ತಮ್ಮದೇ ಇನ್ನೊಂದು ಸ್ಟೆಲ್ತ್ ಯುದ್ಧವಿಮಾನ ಎಫ್-22 ಲೋಹದ ಗೋಲಿಯಷ್ಟು ಅಂತ ಹೇಳಿಕೊಂಡು ಬಂದಿದ್ದಾರೆ. ಗಾಲ್ಫ್ ಚೆಂಡಿನ ಅಡ್ಡಳತೆ ಸುಮಾರು 4.3 ಸೆಂ.ಮೀ. ಅದರ ವೃತ್ತದ ವಿಸ್ತೀರ್ಣ ಲೆಕ್ಕ ಹಾಕಿದರೆ 0.0014 ಚದರ ಮೀಟರ್. ಸರಿ, ನೂರಾರು ಪಟ್ಟು ವ್ಯತ್ಯಾಸ, ಅಮೆರಿಕ ಗೆದ್ದಿತು ಅಂತ ಚಾಕ್‌ಪೀಸ್ ಕೆಳಗಿಟ್ಟೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. "ಸರ್, ಪೇಟೆಂಟಲ್ಲಿ ಇರೋದು ಸರಾಸರಿ. ಗಾಲ್ಫ್ ಚೆಂಡು ಎದುರಿನಿಂದ ನೋಡಿದ್ದು ಅಲ್ವಾ?"

ಹೌದು, ಅವನ ಮಾತು ಸರಿ. ಒಬ್ಬನ ವರ್ಷದ ಸರಾಸರಿ ಅಂಕವನ್ನು ಇನ್ನೊಬ್ಬನ ಗಣಿತದ ಅಂಕದ ಜೊತೆ ಇಟ್ಟು ಜಾಣ ಯಾರು ಅಂತ ಹೇಳಿದ ಹಾಗಾಗಿತ್ತು. ಈಗಲೂ ನೆಟ್ಟಿನಲ್ಲಿ ಓಡಾಡುವ ಮುಕ್ಕಾಲು ಪಾಲು ಹೋಲಿಕೆಗಳು ಇದೇ ತಪ್ಪಿನ ಮೇಲೆ ನಿಂತಿವೆ.

ಬೋರ್ಡ್ ಒರೆಸಿ ಮೊದಲಿನಿಂದ ಶುರು ಮಾಡಿದೆ. ಮನೆಯಲ್ಲಿ ಕರೆಂಟ್ ಹೋದ ಒಂದು ರಾತ್ರಿ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಅಡುಗೆಮನೆಯ ಪಾತ್ರೆ ನೋಡಿದೆ. ಬೆಳಕು ಬಿಡುವ ಜಾಗ, ನೋಡುವ ಜಾಗ ಎರಡೂ ಒಂದೇ ಆಗಿರುವುದರಿಂದ ಇದೇ ರೇಡಾರ್. ಸ್ಟೀಲ್ ಚೊಂಬನ್ನು ಹೇಗೆ ತಿರುಗಿಸಿದರೂ ಎಲ್ಲೋ ಒಂದು ಕಡೆ ಚುಕ್ಕಿ ಹೊಳೆಯುತ್ತದೆ. ಊಟದ ತಟ್ಟೆಯನ್ನು ನೇರ ಹಿಡಿದರೆ ಕಣ್ಣು ಕುಕ್ಕುತ್ತದೆ, ಸ್ವಲ್ಪ ವಾಲಿಸಿದರೆ ಕತ್ತಲು. ಎರಡು ತಟ್ಟೆಯನ್ನು ಗೋಡೆ ಮೂಲೆಯ ಹಾಗೆ ಜೋಡಿಸಿದರೆ ಮಾತ್ರ ಕಷ್ಟ. ಸ್ವಲ್ಪ ಆಚೀಚೆ ವಾಲಿಸಿದರೂ ಬೆಳಕು ತಿರುಗಿ ಬರುತ್ತದೆ. ಸ್ಟೆಲ್ತ್ ವಿಮಾನಗಳ ಬಾಲದ ರೆಕ್ಕೆಗಳು ನೆಟ್ಟಗೆ ನಿಲ್ಲದೆ ಹೊರಕ್ಕೆ ವಾಲಿರುವುದು ಈ ಮೂಲೆ ತಪ್ಪಿಸಲು. ಈ ವಿಷಯದಲ್ಲಿ ರಷ್ಯಾ, ಅಮೆರಿಕ ಅಂತ ಭೇದವಿಲ್ಲ. ಇಬ್ಬರದೂ ವಾಲಿವೆ.

ಯಲಹಂಕಕ್ಕೆ ಸಾರ್ವಜನಿಕರ ದಿನ ಹೋದೆ. ಬಿಸಿಲು, ನೂಕುನುಗ್ಗಲು, ಕುಡಿಯುವ ನೀರಿಗೆ ಸಾಲು, ಅದನ್ನೆಲ್ಲ ಬಿಡಿ. ಎಫ್-35ರ ಸುತ್ತ ಹಗ್ಗ, ಕಾವಲು, ದೂರದಿಂದಲೇ ನೋಡಬೇಕು. ಸು-57 ಗಾಳಿಯಲ್ಲಿ ಪಲ್ಟಿ ಹೊಡೆಯುವಾಗ ಜನ ಶಿಳ್ಳೆ ಹಾಕಿದರು. ನಾನು ಒಂದು ಹಾಳೆಯಲ್ಲಿ ಮೂತಿ, ಗಾಳಿಯ ಬಾಯಿ, ಗಾಜಿನ ಮುಚ್ಚಳ, ಹಿಂಭಾಗ ಅಂತ ಮೊದಲೇ ಬರೆದುಕೊಂಡು ಹೋಗಿದ್ದೆ. ಅಷ್ಟನ್ನೇ ನೋಡಿದೆ.

ಸು-57ರ ಗಾಜಿನ ಮುಂದೆ, ಸ್ವಲ್ಪ ಬಲಕ್ಕೆ, ಒಂದು ಗುಂಡು ಕೂತಿದೆ. ಶಾಖ ನೋಡಿ ಶತ್ರು ವಿಮಾನ ಹುಡುಕುವ ಕಣ್ಣು ಅದು. ಬೇಡವಾದಾಗ ಬೆನ್ನು ತಿರುಗಿಸಿ ಕೂರುತ್ತದೆ, ಆ ಬೆನ್ನಿಗೆ ರೇಡಾರ್ ಅಲೆ ಹೀರುವ ಲೇಪನ ಇದೆ. ಆದರೂ ಅದು ಚೊಂಬೇ. ಎಫ್-35ರಲ್ಲಿ ಇಂಥದೇ ಕಣ್ಣು ಮೂತಿಯ ಕೆಳಗೆ, ಮುಖಗಳಾಗಿ ಕತ್ತರಿಸಿದ ವಜ್ರದಂಥ ನೀಲಮಣಿ ಗಾಜಿನ ಒಳಗೆ ಇದೆ. ಅಂದರೆ ವಾಲಿಸಿದ ತಟ್ಟೆ. ಇಡೀ ಕಥೆ ಈ ಎರಡು ಕಣ್ಣುಗಳಲ್ಲೇ ಇದೆ ಅಂತ ನನಗೆ ಅಲ್ಲೇ ಅನ್ನಿಸಿತು.

ಗಾಳಿಯ ಬಾಯಿ ಇನ್ನೂ ಮುಖ್ಯ. ಎಂಜಿನ್ನಿನ ಮುಂದಿನ ಫ್ಯಾನು ರೇಡಾರಿಗೆ ಕಂಡರೆ ಉಳಿದ ಕಷ್ಟವೆಲ್ಲ ನೀರುಪಾಲು. ಎಫ್-35, ಎಫ್-22 ಎರಡರಲ್ಲೂ ಗಾಳಿಯ ಕೊಳವೆ ಹಾವಿನ ಹಾಗೆ ಬಾಗಿ ಫ್ಯಾನನ್ನು ಮರೆಮಾಡುತ್ತದೆ. ಸು-57ರ ಕೊಳವೆ ಅಷ್ಟು ಬಾಗಿಲ್ಲ. ಫ್ಯಾನಿನ ಮುಂದೆ ಅಲೆಗಳನ್ನು ತಡೆಯುವ ಜಾಲರಿಯಂಥದನ್ನು ಇಟ್ಟು ಸರಿದೂಗಿಸಿದ್ದಾರೆ. ಹಿಂಭಾಗಕ್ಕೆ ಬಂದರೆ ವಾದವೇ ಬೇಡ. ನಾನು ನೋಡಿದ ಸು-57ರ ಎರಡು ಎಂಜಿನ್ ನಳಿಗೆಗಳು ದುಂಡಗೆ, ಬರಿಮೈಯಲ್ಲಿವೆ. ಎಫ್-35ರದೂ ದುಂಡಗೇ ಇದೆ, ಆದರೆ ಅಂಚು ಗರಗಸದ ಹಲ್ಲು. ಎಫ್-22ರದು ಚಪ್ಪಟೆ.

ತಿರುಪುಗಳ ಬಗ್ಗೆ ಒಂದು ಮಾತು. 2024ರ ನವೆಂಬರಿನಲ್ಲಿ ಚೀನಾದ ಝುಹೈ ಪ್ರದರ್ಶನದಿಂದ ಸು-57ರ ತಿರುಪಿನ ತಲೆಗಳ ಫೋಟೋ ಹರಿದಾಡಿತು, ಜನ ನಕ್ಕಿದ್ದೇ ನಕ್ಕಿದ್ದು. ಅದು ಪರೀಕ್ಷೆಗೆ ಕಟ್ಟಿದ ಪ್ರೊಟೊಟೈಪ್. ಅಷ್ಟಕ್ಕೂ ತಿರುಪು ಲೆಕ್ಕಕ್ಕೆ ಬರುವುದು ಉಳಿದದ್ದೆಲ್ಲ ಸುಮ್ಮನಾದ ಮೇಲೆ. ಜಾತ್ರೆಯಲ್ಲಿ ಪಿಸುಮಾತು ಯಾರಿಗೆ ಕೇಳುತ್ತದೆ?

ಇನ್ನು ಲ್ಯಾಪ್‌ಟಾಪ್ ಕೆಲಸ. ಹವ್ಯಾಸಿಗಳು ಮಾಡಿಟ್ಟ ಮೂರು ಆಯಾಮದ ಮಾದರಿಗಳನ್ನು ಇಳಿಸಿಕೊಂಡು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದೆ. ವಿಮಾನದ ಮೈಯನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆಯುವುದು, ರೇಡಾರಿಗೆ ಮುಖ ಮಾಡಿದ ಪ್ರತಿ ತ್ರಿಕೋನದಿಂದ ಮರಳುವ ಅಲೆಯನ್ನು ಕೂಡಿಸುವುದು. ಫೈಟರ್ ರೇಡಾರುಗಳು ಬಳಸುವ 3 ಸೆಂ.ಮೀ. ಅಲೆಯುದ್ದ ಇಟ್ಟುಕೊಂಡೆ.

ಮೊದಲ ಸಲ ಓಡಿಸಿದಾಗ ಸು-57 ಎದುರಿನಿಂದ ಸಾವಿರಾರು ಚದರ ಮೀಟರ್ ತೋರಿಸಿತು. ಹಡಗಿನಷ್ಟು! ಎರಡು ದಿನ ಕೋಡಿನಲ್ಲಿ ತಪ್ಪು ಹುಡುಕಿದೆ. ತಪ್ಪು ಕೋಡಿನಲ್ಲಿ ಇರಲಿಲ್ಲ. ಮಾದರಿ ಮಾಡಿದ ಪುಣ್ಯಾತ್ಮ ಗಾಳಿಯ ಬಾಯಿಗೆ ಚಪ್ಪಟೆ ಮುಚ್ಚಳ ಹಾಕಿಬಿಟ್ಟಿದ್ದ. ಆಮೇಲೆ ಕೈಯಲ್ಲೇ ಲೆಕ್ಕ ಹಾಕಿ ನೋಡಿದೆ: ಈ ಅಲೆಯುದ್ದದಲ್ಲಿ ಒಂದು ಚದರ ಮೀಟರಿನ ಚಪ್ಪಟೆ ತಗಡು ನೇರ ಎದುರಾದರೆ ಆರ್‌ಸಿಎಸ್ ಸುಮಾರು 14,000 ಚದರ ಮೀಟರ್. ಬರೀ 10 ಸೆಂ.ಮೀ. ಚೌಕದ ತಗಡಿಗೇ 1.4 ಚದರ ಮೀಟರ್, ಅಂದರೆ ಪೇಟೆಂಟಿನ ಇಡೀ ವಿಮಾನಕ್ಕಿಂತ ಜಾಸ್ತಿ. ಆಕಾರ ಯಾಕೆ ಎಲ್ಲಕ್ಕಿಂತ ಮೊದಲು ಅಂತ ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಈ ಮುಚ್ಚಳ ಕಲಿಸಿತು.

ಮುಚ್ಚಳ ತೆಗೆದ ಮೇಲೆ ಎರಡೂ ವಿಮಾನಗಳ ಚಿತ್ರ ಒಂದೇ ಮನೆತನದ್ದಾಗಿ ಕಂಡಿತು. ರೆಕ್ಕೆಯ ಅಂಚಿಗೆ ಲಂಬವಾಗಿ ಕೆಲವೇ ಚೂಪಾದ ಹೊಳಪು, ಉಳಿದ ಕಡೆ ಮೌನ. ಕೊಳವೆಯ ಒಳಗೆ ಅಲೆ ಪುಟಿದು ಪುಟಿದು ಬರುವುದನ್ನು ನನ್ನ ಪ್ರೋಗ್ರಾಂ ಲೆಕ್ಕ ಮಾಡುವುದಿಲ್ಲ. ಲೇಪನವೂ ಅದರಲ್ಲಿಲ್ಲ. ಹಾಗಾಗಿ ಅದು ಕೊಟ್ಟ ಅಂಕಿಗಳನ್ನು ಯಾರಿಗೂ ತೋರಿಸಲಿಲ್ಲ, ಆಕಾರವನ್ನಷ್ಟೇ ತೋರಿಸಿದೆ.

ಅಂಚುಗಳಿಂದ ಚದುರುವ ಅಲೆಯೂ ನನ್ನ ಲೆಕ್ಕದಲ್ಲಿ ಇರಲಿಲ್ಲ. ಅದನ್ನು ಸೇರಿಸುವ ದಾರಿ ತೋರಿಸಿದವರು ಸೋವಿಯತ್ ವಿಜ್ಞಾನಿ ಪ್ಯೋತ್ರ್ ಉಫಿಮ್ತ್ಸೆವ್, 1962ರಲ್ಲಿ. ಅವರ ಪುಸ್ತಕ ಮಾಸ್ಕೋದಲ್ಲಿ ಬಹಿರಂಗವಾಗಿಯೇ ಅಚ್ಚಾಯಿತು. ಅಮೆರಿಕದ ವಾಯುಪಡೆ 1971ರಲ್ಲಿ ಅನುವಾದ ಮಾಡಿಸಿತು. ವಿಮಾನ ಕಟ್ಟುವ ಅಮೆರಿಕದ ಕಂಪನಿ ಲಾಕ್‌ಹೀಡ್‌ನ ಡೆನಿಸ್ ಓವರ್‌ಹೋಲ್ಸರ್ ಅದನ್ನು ಓದಿ 'ಎಕೋ 1' ಅನ್ನುವ ಪ್ರೋಗ್ರಾಂ ಬರೆದರು, ಅದರಿಂದ 1977ರಲ್ಲಿ ಹಾರಿದ ಹೇವ್ ಬ್ಲೂ ಅನ್ನುವ ಪ್ರಯೋಗ ವಿಮಾನ, ಆಮೇಲೆ ಎಫ್-117 ಸ್ಟೆಲ್ತ್ ವಿಮಾನ ಬಂದವು. ಸು-57 ಮೊದಲು ಹಾರಿದ್ದು 2010ರಲ್ಲಿ. ಬಿತ್ತಿದವರು ಒಬ್ಬರು, ಕೊಯ್ದವರು ಇನ್ನೊಬ್ಬರು.

ಕೊನೆಗೆ ತರಗತಿಯಲ್ಲಿ ದೂರಕ್ಕೆ ಬಂದೆವು. ರೇಡಾರ್ ಕಾಣುವ ದೂರ ಆರ್‌ಸಿಎಸ್‌ನ ನಾಲ್ಕನೇ ಮೂಲದ, ಅಂದರೆ ವರ್ಗಮೂಲದ ವರ್ಗಮೂಲದ ಲೆಕ್ಕದಲ್ಲಿ ಕುಗ್ಗುತ್ತದೆ. 10 ಚದರ ಮೀಟರಿನ ವಿಮಾನವನ್ನು 300 ಕಿ.ಮೀ.ಗೆ ಕಾಣುವ ರೇಡಾರ್, 1 ಚದರ ಮೀಟರನ್ನು ಸುಮಾರು 169 ಕಿ.ಮೀ.ಗೆ ಕಾಣುತ್ತದೆ. 0.1 ಆದರೆ 95. ಗಾಲ್ಫ್ ಚೆಂಡಿಗೆ ಹತ್ತಿರದ 0.001ಕ್ಕೆ 30. ನೂರು ಪಟ್ಟು ಚಿಕ್ಕದಾದರೂ ದೂರ ಕಡಿಮೆಯಾಗುವುದು ಮೂರು ಪಟ್ಟು ಮಾತ್ರ. ಆದರೆ 95ಕ್ಕೂ 30ಕ್ಕೂ ನಡುವೆ ಒಂದು ಕ್ಷಿಪಣಿ ಹಾರುವಷ್ಟು ಜಾಗ ಇದೆ.

ಹುಡುಗರು ಬಿಡಲಿಲ್ಲ. "ಹಾಗಾದರೆ 1999ರಲ್ಲಿ ಸರ್ಬಿಯಾದಲ್ಲಿ ಎಫ್-117 ಬಿದ್ದಿದ್ದು ಹೇಗೆ?" ಅದನ್ನು ಹೊಡೆದ ಕ್ಷಿಪಣಿ ತುಕಡಿಯ ಹತ್ತಿರ ಇದ್ದ ಹಳೆಯ ಪಿ-18 ರೇಡಾರಿನ ಅಲೆ ಸುಮಾರು 2 ಮೀಟರ್ ಉದ್ದ. ಬಾಲ, ರೆಕ್ಕೆಯ ತುದಿಗಳ ಅಳತೆಗೆ ಹತ್ತಿರ ಬರುವ ಅಲೆಗೆ ಈ ವಾಲಿಸುವ ಆಟ ಅಷ್ಟಾಗಿ ನಡೆಯುವುದಿಲ್ಲ. ಕ್ಷಿಪಣಿಯನ್ನು ಗುರಿಗೆ ಮುಟ್ಟಿಸುವಷ್ಟು ನಿಖರತೆ ಉದ್ದ ಅಲೆಗೆ ಇಲ್ಲ, ಅದು ಎಚ್ಚರಿಸುವ ಕೆಲಸಕ್ಕೆ. ನಿಖರ ರೇಡಾರನ್ನು ವಿಮಾನ ತೀರಾ ಹತ್ತಿರ ಬಂದ ಮೇಲೆ ಸ್ವಲ್ಪ ಹೊತ್ತು ಮಾತ್ರ ಹಾಕಿ ಹೊಡೆದರು.

ನನ್ನ ತೀರ್ಪು ಬೋರ್ಡಿನ ಮೇಲೆ ಹೀಗೆ ಹೋಯಿತು: ಎದುರಿನಿಂದ ಅಮೆರಿಕದ್ದು ಮುಂದೆ, ಹಿಂದಿನಿಂದ ಬಹಳ ಮುಂದೆ. ಆದರೆ ರಷ್ಯಾದವರು ತಿಳಿಯದೆ ಹಿಂದೆ ಬಿದ್ದದ್ದಲ್ಲ. ಪಲ್ಟಿ ಹೊಡೆಯುವ ಚುರುಕು, ಬದಿಗಳಲ್ಲೂ ರೇಡಾರ್, ಆ ಗುಂಡು ಕಣ್ಣು ಬೇಕು ಅಂತ ಸ್ಟೆಲ್ತಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟಿದ್ದಾರೆ. ಈ ವಿಮಾನದ ಮೇಲೆ ಕಟ್ಟಬೇಕಿದ್ದ ಜಂಟಿ ಯೋಜನೆಯಿಂದ ಭಾರತ 2018ರಲ್ಲಿ ಹೊರಬಂದಿತು ಅಂತಲೂ ಹೇಳಿದೆ.

ಹಿಂದಿನ ಬೆಂಚಿನ ಹುಡುಗ ಏರೋ ಇಂಡಿಯಾದಲ್ಲಿ ಇಟ್ಟಿದ್ದ ನಮ್ಮ ದೇಶದ ಸ್ಟೆಲ್ತ್ ಯುದ್ಧವಿಮಾನ ಯೋಜನೆ ಆಮ್ಕಾದ ಪೂರ್ಣ ಗಾತ್ರದ ಮಾದರಿಯ ಫೋಟೋ ತೆಗೆದುಕೊಂಡು ಬಂದಿದ್ದ. ಈಗ ಅವನೇ ಅದಕ್ಕೆ ತ್ರಿಕೋನ ಜೋಡಿಸುತ್ತಿದ್ದಾನೆ. ಗಾಳಿಯ ಬಾಯಿಗೆ ಮುಚ್ಚಳ ಹಾಕಬೇಡಪ್ಪ ಅಂತಷ್ಟೇ ಹೇಳಿದ್ದೇನೆ.