ಎಮ್ಡನ್ ನೌಕೆಯ ಕಪ್ತಾನನ ಬದುಕನ್ನು ನಾನು ಬರೆದ ಬಗೆ

ಮದರಾಸು ಹೈಕೋರ್ಟಿನ ಆವರಣದ ಗೋಡೆಯಲ್ಲಿ ಒಂದು ಫಲಕವಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ, 1914ರ ಸೆಪ್ಟೆಂಬರ್ 22ರ ರಾತ್ರಿ, ಜರ್ಮನಿಯ ಯುದ್ಧನೌಕೆ ಎಮ್ಡನ್ ಊರಿನ ಮೇಲೆ ನಡೆಸಿದ ದಾಳಿಯಲ್ಲಿ ಒಂದು ಗುಂಡು ಇಲ್ಲಿ ಬಿದ್ದಿತೆಂಬುದಕ್ಕೆ ಅದು ಗುರುತು. ಅದರ ಮುಂದೆ ನಿಂತಿದ್ದ ಹೊತ್ತಿನಲ್ಲಿಯೇ ಆ ನೌಕೆಯ ಕಪ್ತಾನ ಕಾರ್ಲ್ ಫಾನ್ ಮ್ಯುಲ್ಲರನ ವೃತ್ತಿಜೀವನವನ್ನು ಕನ್ನಡದಲ್ಲಿ ಬರೆಯಬೇಕೆಂದು ನಾನು ನಿಶ್ಚಯಿಸಿದೆ.

ಮೊದಲ ಕರಡನ್ನು ಮದರಾಸಿನಿಂದಲೇ ಆರಂಭಿಸಿದ್ದೆ. ಬರ್ಮಾ ಆಯಿಲ್ ಕಂಪನಿಯ ಎಣ್ಣೆ ತೊಟ್ಟಿಗಳು ಹೊತ್ತಿ ಉರಿದದ್ದು, ಸುಮಾರು ನೂರಿಪ್ಪತ್ತೈದು ಗುಂಡುಗಳನ್ನು ಹಾರಿಸಿ ನೌಕೆ ಕತ್ತಲಲ್ಲಿ ಮರೆಯಾದದ್ದು, ಇವೇ ಪುಟಗಳನ್ನು ತುಂಬಿದವು. ಬರೆದದ್ದನ್ನು ಮತ್ತೆ ಓದಿದಾಗ ಅದು ಒಂದು ಹಡಗಿನ ಕಥೆಯೇ ಹೊರತು ಒಬ್ಬ ಮನುಷ್ಯನ ಬದುಕಲ್ಲವೆಂದು ಮನವರಿಕೆಯಾಯಿತು. ಆತ ನೌಕಾಪಡೆಗೆ ಸೇರಿದ್ದು 1891ರಲ್ಲಿ, ಬಿಟ್ಟದ್ದು 1919ರಲ್ಲಿ. ಎಮ್ಡನ್ ಚೀನಾದ ತ್ಸಿಂಗ್‌ಟಾವ್ ಬಂದರನ್ನು ಬಿಟ್ಟಂದಿನಿಂದ ಕೊನೆಯ ಕಾಳಗದವರೆಗೆ ಕಳೆದದ್ದು ನೂರು ದಿನಗಳಿಗೆ ತುಸು ಹೆಚ್ಚು, ಅಷ್ಟೆ.

ಆಮೇಲೆ ಉದ್ದನೆಯ ಕಾಗದವೊಂದರ ಮೇಲೆ ಗೆರೆ ಎಳೆದು ವರ್ಷಗಳನ್ನು ಗುರುತು ಹಾಕಿಕೊಂಡೆ. 1873ರ ಜೂನ್ 16ರಂದು ಹ್ಯಾನೋವರ್‌ನಲ್ಲಿ ಹುಟ್ಟಿದ ಈತನ ತಂದೆ ಪ್ರಷ್ಯಾದ ಸೇನೆಯಲ್ಲಿ ಕರ್ನಲ್ ಆಗಿದ್ದವನು. ತರುಣ ಅಧಿಕಾರಿಯಾಗಿ ಶ್ವಾಲ್ಬ ಎಂಬ ಸಣ್ಣ ಯುದ್ಧನೌಕೆಯಲ್ಲಿ ಜರ್ಮನ್ ಪೂರ್ವ ಆಫ್ರಿಕಕ್ಕೆ ಹೋದಾಗ ಮಲೇರಿಯಾ ತಗುಲಿತು. ಮುಂದೆ ಬರ್ಲಿನ್ನಿನ ನೌಕಾ ಕಚೇರಿಯ ಕೆಲಸ, 1913ರಲ್ಲಿ ಎಮ್ಡನ್ನಿನ ಹೊಣೆ, ಯುದ್ಧ, ಸೆರೆ. ಹೀಗೆ ಗುರುತು ಹಾಕುತ್ತ ಹೋದಂತೆ ಆ ಜ್ವರವೇ ಮತ್ತೆ ಮತ್ತೆ ಎದುರಾಗತೊಡಗಿತು. ಗೆರೆಯುದ್ದಕ್ಕೂ ಆತನನ್ನು ಬಿಡದೆ ಬಂದದ್ದು ಅದೊಂದೇ ಆದ್ದರಿಂದ ಬರಹಕ್ಕೆ ಅದನ್ನೇ ಎಳೆಯಾಗಿಟ್ಟುಕೊಂಡೆ.

ಪದಗಳ ತೊಡಕೂ ಸಣ್ಣದಾಗಿರಲಿಲ್ಲ. ಹಡಗನ್ನು ನಡೆಸುವವನನ್ನೂ ನೌಕಾಪಡೆಯ ಒಂದು ದರ್ಜೆಯನ್ನೂ ನಾವು ಕ್ಯಾಪ್ಟನ್ ಎಂದೇ ಕರೆಯುತ್ತೇವೆ. ಎಮ್ಡನ್ನನ್ನು ನಡೆಸುತ್ತಿದ್ದ ಕಾಲದಲ್ಲಿ ಮ್ಯುಲ್ಲರನ ದರ್ಜೆ ಅದಕ್ಕಿಂತ ಕೆಳಗಿನದು. ಆ ದರ್ಜೆ ದೊರೆತದ್ದು ಅನಂತರ. ಆದ್ದರಿಂದ ಹುದ್ದೆಗೆ ಕಪ್ತಾನ ಎಂದೂ ದರ್ಜೆಗೆ ಜರ್ಮನ್ ಹೆಸರನ್ನೇ ಕನ್ನಡ ಲಿಪಿಯಲ್ಲಿಯೂ ಬರೆದೆ.

ಸ್ವಾತಂತ್ರ್ಯ ಹೋರಾಟಗಾರ ಚೆಂಪಕರಾಮನ್ ಪಿಳ್ಳೆ ಮದರಾಸಿನ ದಾಳಿಯ ರಾತ್ರಿ ಎಮ್ಡನ್ನಿನಲ್ಲಿದ್ದರೆಂಬ ಮಾತು ನಮ್ಮ ಕಡೆಯೂ ಪ್ರಚಾರದಲ್ಲಿದೆ. ಅದನ್ನು ಬರೆಯಲು ನನಗೂ ಆಸೆಯಿತ್ತು. ಆದರೆ ನೌಕೆ ಬಂದದ್ದು ಪೆಸಿಫಿಕ್ ಸಾಗರದ ಪಗಾನ್ ದ್ವೀಪದ ಕಡೆಯಿಂದ. ಪಿಳ್ಳೆ ಆಗ ಯುರೋಪಿನಲ್ಲಿದ್ದರು. ಆ ವಾಕ್ಯವನ್ನು ಹೊಡೆದು ಹಾಕಿದೆ.

ಹೆಚ್ಚು ದಿನ ಹಿಡಿದದ್ದು ಕಲ್ಲಿದ್ದಲಿನ ಭಾಗ. ದೂರದ ಪೂರ್ವ ಆಫ್ರಿಕದ ಕರಾವಳಿಯನ್ನು ಬಿಟ್ಟರೆ ಹಿಂದೂ ಮಹಾಸಾಗರದಲ್ಲಿ ಜರ್ಮನಿಗೆ ಒಂದು ಬಂದರೂ ಇರಲಿಲ್ಲ. ಜೊತೆಯಲ್ಲಿ ಬಂದ ಮಾರ್ಕೊಮಾನಿಯಾ ಎಂಬ ಹಡಗಿನ ಕಲ್ಲಿದ್ದಲು, ಹಿಡಿದ ಹಡಗುಗಳಲ್ಲಿ ಸಿಕ್ಕದ್ದು, ಇಷ್ಟರಲ್ಲಿಯೇ ಎಮ್ಡನ್ ನಡೆಯಬೇಕಿತ್ತು. ಅಟ್ಲಾಸಿನಲ್ಲಿ ಪೆನ್ಸಿಲ್ಲಿನಿಂದ ದಾರಿಯನ್ನು ಎಳೆದು, ಕಲ್ಲಿದ್ದಲು ತುಂಬಿಸಿಕೊಂಡ ಕಡೆಗಳಲ್ಲೆಲ್ಲ ಚುಕ್ಕಿ ಇಟ್ಟ ಮೇಲೆ ಆತನ ನಿರ್ಧಾರಗಳು ಅರ್ಥವಾದವು. ಮೂರು ಹೊಗೆಕೊಳವೆಗಳ ನೌಕೆಗೆ ನಾಲ್ಕನೆಯ ಹುಸಿ ಕೊಳವೆಯನ್ನು ಕಟ್ಟಿಸಿ ಬ್ರಿಟಿಷ್ ನೌಕೆಯಂತೆ ತೋರುವ ಹಾಗೆ ಮಾಡಿದ್ದು, ಅಕ್ಟೋಬರ್ 28ರ ನಸುಕಿನಲ್ಲಿ ಪೆನಾಂಗ್ ಬಂದರಿಗೆ ನುಗ್ಗಿ ರಷ್ಯಾದ ಜೆಮ್ಚುಗ್ ನೌಕೆಯನ್ನು ಮುಳುಗಿಸಿದ್ದು, ಇವು ಬರಿಯ ಸಾಹಸವಲ್ಲ, ಲೆಕ್ಕಾಚಾರ. ಹಿಡಿದ ವ್ಯಾಪಾರಿ ಹಡಗುಗಳ ನಾವಿಕರನ್ನು ಕೊಲ್ಲದೆ, ಒಂದು ಹಡಗಿಗೆ ತುಂಬಿ ಬಿಟ್ಟುಕೊಟ್ಟದ್ದನ್ನು ನಾನು ವಿವರವಾಗಿಯೇ ಬರೆದಿದ್ದೇನೆ. ಮದರಾಸಿನಲ್ಲಿ ಸತ್ತವರನ್ನೂ ಅದೇ ಪುಟದಲ್ಲಿ ಇಟ್ಟಿದ್ದೇನೆ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನ್ಯಾಯವೆನಿಸಲಿಲ್ಲ.

ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯಾದ ಸಿಡ್ನಿ ನೌಕೆಯ ದೊಡ್ಡ ಫಿರಂಗಿಗಳ ಎದುರು ಎಮ್ಡನ್ ನಿಲ್ಲಲಾಗದೆ ಹೋಯಿತು. ಮುಳುಗಲು ಬಿಡದೆ ಮ್ಯುಲ್ಲರ್ ಅದನ್ನು ದ್ವೀಪದ ಅಂಚಿನ ಹವಳದ ದಿಬ್ಬಕ್ಕೆ ಹತ್ತಿಸಿದ. ಮೊದಲ ಕರಡು ಇಲ್ಲಿಗೆ ಮುಗಿದಿತ್ತು. ಈಗ ಮಾಲ್ಟಾದ ಸೆರೆ, 1917ರಲ್ಲಿ ಇಂಗ್ಲೆಂಡಿನ ಸೆರೆಶಿಬಿರದಿಂದ ಸುರಂಗ ತೋಡಿ ಹೊರಬಿದ್ದು ಮತ್ತೆ ಸಿಕ್ಕಿಬಿದ್ದದ್ದು, ಮಲೇರಿಯಾ ಉಲ್ಬಣಿಸಿದ್ದರಿಂದ 1918ರಲ್ಲಿ ಚಿಕಿತ್ಸೆಗಾಗಿ ಹಾಲೆಂಡಿಗೆ ಕಳುಹಿಸಿದ್ದು, ಎಲ್ಲವೂ ಸೇರಿವೆ. ಯುದ್ಧದ ನೆನಪುಗಳನ್ನು ಬರೆದರೆ ಜೊತೆಗಾರರ ರಕ್ತದಿಂದ ಹಣ ಮಾಡಿದಂತಾಗುತ್ತದೆಂದು ಆತ ಬರೆಯಲೊಪ್ಪಲಿಲ್ಲ. ಹಾಗಾಗಿ ಆತನ ಬಾಯಲ್ಲಿ ಒಂದು ಮಾತನ್ನೂ ನಾನು ಕಲ್ಪಿಸಿ ಇಡಲಿಲ್ಲ. 1923ರ ಮಾರ್ಚ್ 11ರಂದು ಬ್ರೌನ್‌ಶ್ವೈಗ್‌ನಲ್ಲಿ ಸತ್ತಾಗ ಆತನಿಗೆ ನಲವತ್ತೊಂಬತ್ತು ವರ್ಷ. ಕಾರಣ, ಆಫ್ರಿಕದಲ್ಲಿ ಹಿಡಿದ ಅದೇ ಜ್ವರ.