ಮೋಡದ ದಿನದ ಹಾವು: ಆರ್ನ್ ಹೀತ್‌ನಲ್ಲಿ ನನ್ನ ಅನುಭವ

ಕಾರಿಲ್ಲದೆ, ಪರವಾನಗಿಯಿಲ್ಲದೆ, ತಗಡು ಎತ್ತದೆ ಸ್ಮೂತ್ ಸ್ನೇಕ್ ಎಂಬ ಅಪರೂಪದ ಹಾವನ್ನು ನೋಡಲು ಸಾಧ್ಯವೇ ಇಲ್ಲ ಎಂದು ನಮ್ಮ ವಾರಾಂತ್ಯದ ನಡಿಗೆಯ ಗುಂಪಿನಲ್ಲಿ ಹೇಳದವರೇ ಇರಲಿಲ್ಲ. ಕಳೆದ ಆಗಸ್ಟ್‌ನಲ್ಲಿ ನೋಡಿದೆ. ಕಾಲುದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಆಚೆ ಇಡದೆ, ಇಪ್ಪತ್ತು ನಿಮಿಷದಷ್ಟು ಹೊತ್ತು ನೋಡಿದೆ. ಚಿತ್ರವೂ ಇದೆ. ಹಾಗಾಗಿ ಮುಂದೆ ಅಲ್ಲಲ್ಲಿ ಜಂಬ ಇಣುಕಿದರೆ ಸಹಿಸಿಕೊಳ್ಳಬೇಕು.

ಜಾಗ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್‌ನ ಆರ್ನ್: ಪೂಲ್ ಬಂದರಿನ ಅಂಚಿನಲ್ಲಿ, ಹಕ್ಕಿಗಳ ರಕ್ಷಣೆಯ ಸಂಸ್ಥೆ ಆರ್‌ಎಸ್‌ಪಿಬಿ ನೋಡಿಕೊಳ್ಳುವ ಹೀತ್, ಅಂದರೆ ಕುರುಚಲು ಗಿಡಗಳ ಬಯಲು. ಬ್ರಿಟನ್ನಿನ ಆರೂ ಸ್ಥಳೀಯ ಸರೀಸೃಪಗಳು ಒಟ್ಟಿಗಿರುವ ಕೆಲವೇ ತಾಣಗಳಲ್ಲಿ ಇದೂ ಒಂದು. ಆರರಲ್ಲಿ ಆಡರ್ ಎಂಬ ವಿಷದ ಹಾವು, ಗ್ರಾಸ್ ಸ್ನೇಕ್ ಮತ್ತು ಸಾಮಾನ್ಯ ಹಲ್ಲಿ ತಾಳ್ಮೆಯಿದ್ದವರಿಗೆಲ್ಲ ಸಿಗುತ್ತವೆ. ಸ್ಯಾಂಡ್ ಲಿಜರ್ಡ್‌ನ ಗಂಡು ಏಪ್ರಿಲ್ ಕೊನೆಯಿಂದ ಮೇವರೆಗೆ ಪಕ್ಕೆಗೆ ಹಸಿರು ಬಳಿದುಕೊಂಡು ತಾನೇ ಜಾಹೀರಾತು ಕೊಡುತ್ತದೆ. ಸತಾಯಿಸುವುದು ಸ್ಮೂತ್ ಸ್ನೇಕ್. ಅದು ಬಯಲಿಗೆ ಬಂದು ಮೈಕಾಯಿಸುವುದು ಅಪರೂಪ. ಹೆದರ್ ಗಿಡದ ಕಾಂಡಗಳ ನಡುವೆ ಮೈಯನ್ನು ಹೆಣೆದುಕೊಂಡು ಒಂದು ಸುರುಳಿಯನ್ನಷ್ಟೇ ಬೆಳಕಿಗೆ ಬಿಟ್ಟಿರುತ್ತದೆ. ಸಮೀಕ್ಷೆ ಮಾಡುವವರು ಅಲ್ಲಲ್ಲಿ ತಗಡಿನ ಹಾಳೆ ಹಾಸಿ, ಅದರಡಿ ಸೇರಿಕೊಂಡ ಹಾವುಗಳನ್ನು ತಗಡೆತ್ತಿ ನೋಡಿ ಲೆಕ್ಕ ಹಿಡಿಯುತ್ತಾರೆ. ಆ ಕೆಲಸಕ್ಕೆ ಪರವಾನಗಿ ಬೇಕು, ಏಕೆಂದರೆ ಈ ಹಾವನ್ನು ಮುಟ್ಟುವುದಿರಲಿ, ಕದಲಿಸುವುದೂ ಕಾನೂನಿನ ಪ್ರಕಾರ ಅಪರಾಧ. ತಗಡು ಕಂಡರೆ ಅದನ್ನು ಬಿಟ್ಟು ಮುಂದೆ ಹೋಗಿ.

ಮೊದಮೊದಲು ಎಲ್ಲರೂ ಹೇಳಿದಂತೆಯೇ ಮಾಡಿದೆ. ಹವಾಮಾನ ವರದಿಯಲ್ಲಿ ಸೂರ್ಯನ ಚಿತ್ರ ಕಂಡೊಡನೆ ಹೊರಟು, ಕೂಂಬ್ ಹೀತ್ ಮತ್ತು ಶಿಪ್‌ಸ್ಟಲ್ ಸುತ್ತುಗಳೆರಡನ್ನೂ ಮುಗಿಸಿ, ಕಾಲು ನೋಯಿಸಿಕೊಂಡು ಮರಳುತ್ತಿದ್ದೆ. ಮೇ ತಿಂಗಳ ಒಂದು ರಜೆಯ ದಿನವಂತೂ ಗೋರ್ಸ್ ಎಂಬ ಮುಳ್ಳುಪೊದೆಯ ಹೂವಿನ ಕೊಬ್ಬರಿ ವಾಸನೆ ಬಿಟ್ಟರೆ ಬೇರೇನೂ ದಕ್ಕಲಿಲ್ಲ. ಅದೇ ದಿನ ಸಂಜೆ ರೈಲು ರದ್ದಾಗಿ, ಪೂಲ್‌ವರೆಗೆ ಟ್ಯಾಕ್ಸಿಗೆ ಮೂವತ್ತು ಪೌಂಡಿನಷ್ಟು ತೆತ್ತೆ. ಒಳ್ಳೆಯ ಬಿಸಿಲಿನಲ್ಲಿ ಹಾವಿಗೆ ಮೈ ಬೆಚ್ಚಗಾಗಲು ಬೆಳಗಿನ ಸ್ವಲ್ಪ ಹೊತ್ತು ಸಾಕು. ನಾನು ರೆಡಿಂಗ್‌ನಿಂದ ಹೊರಟು, ಬೌರ್ನ್‌ಮತ್‌ನಲ್ಲಿ ರೈಲು ಬದಲಿಸಿ, ವೇರ್‌ಹ್ಯಾಮ್‌ನಲ್ಲಿ ಇಳಿದು, ಸ್ಟೋಬರೋ ಮತ್ತು ರಿಡ್ಜ್ ದಾಟಿ ಆರು ಕಿಲೋಮೀಟರಿಗೂ ಹೆಚ್ಚು ನಡೆದು ತಲುಪುವಷ್ಟರಲ್ಲಿ ಅದರ ದಿನದ ಕೆಲಸವೇ ಮುಗಿದಿರುತ್ತದೆ.

ಹಿಂದಿನ ರಾತ್ರಿಯೇ ಹೋಗಿ ತಂಗು ಎಂದರು. ಬೇಸಿಗೆಯಲ್ಲಿ ಅಲ್ಲಿ ಒಂದು ಕೋಣೆಗೆ ತೊಂಬತ್ತು ಪೌಂಡ್ ಕೇಳುತ್ತಾರೆ. ಹಾವಿಗಾಗಿ ಅಷ್ಟು ಖರ್ಚು ಎಂದರೆ ಮನೆಯಲ್ಲಿ ಒಪ್ಪಿಗೆ ಸಿಗುವುದಿಲ್ಲ, ಸಿಗಲೂಬಾರದು. ಮುಂಗಡ ಟಿಕೆಟ್ ಅಗ್ಗ, ನಿಜ. ಆದರೆ ಮೂರು ವಾರ ಮೊದಲೇ ದಿನ ಗೊತ್ತುಮಾಡಿದರೆ ಹವೆ ನಮ್ಮ ಮಾತು ಕೇಳುತ್ತದೆಯೇ? ಕೊನೆಗೆ ಉಳಿದದ್ದು ನೆಟ್‌ವರ್ಕ್ ರೈಲ್‌ಕಾರ್ಡ್ ಎಂಬ ರಿಯಾಯಿತಿ ಕಾರ್ಡು. ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ, ಆದರೆ ವಾರದ ದಿನಗಳಲ್ಲಿ ಬೆಳಗ್ಗೆ ಹತ್ತಕ್ಕೆ ಮೊದಲು ಅದು ನಡೆಯದು. ಹತ್ತರ ನಂತರ ಹೊರಟರೆ ಆರ್ನ್ ಸೇರುವುದು ಮಧ್ಯಾಹ್ನ ಎರಡೂವರೆಯ ಸುಮಾರಿಗೆ. ಆ ಹೊತ್ತಿನಲ್ಲೂ ಹಾವು ಹೊರಗಿರುವ ದಿನ ಯಾವುದು ಎಂದು ಹುಡುಕಿದ್ದೇ ನನ್ನ ವಿಧಾನ. ಜಿಪುಣತನ ಕಲಿಸಿದ ವಿದ್ಯೆ ಎಂದು ಗುಂಪಿನ ಹಿರಿಯರೊಬ್ಬರು ನಗುತ್ತಾರೆ. ಇರಲಿ.

ಉತ್ತರ: ಮೋಡದ ದಿನ. ದಟ್ಟ ಕಪ್ಪು ಮೋಡವಲ್ಲ, ಸೂರ್ಯ ಎಲ್ಲಿದ್ದಾನೆ ಎಂದು ತಿಳಿಯುವಷ್ಟು ತೆಳು ಮೋಡ. ಮಳೆ ನಿಂತು ಎರಡು ಗಂಟೆ ಆಗಿರಬೇಕು, ಗಾಳಿ ಇರಬಾರದು, ಉಷ್ಣಾಂಶ ಹದಿನೈದರಿಂದ ಹದಿನೆಂಟು ಡಿಗ್ರಿ. ಅಂಥ ದಿನ ಮೈ ಕಾಯುವುದು ನಿಧಾನ, ಆದ್ದರಿಂದ ಹಾವು ಗಂಟೆಗಟ್ಟಲೆ ಬಿದ್ದುಕೊಂಡಿರುತ್ತದೆ. ತಿಂಗಳು ಆಗಸ್ಟ್ ಆದರೆ ಇನ್ನೂ ಒಳ್ಳೆಯದು. ಸ್ಮೂತ್ ಸ್ನೇಕ್ ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಹಾವು. ಬೇಸಿಗೆಯ ಕೊನೆಗೆ ಮರಿ ಹಾಕಲಿರುವ ಹೆಣ್ಣುಗಳಿಗೆ ಶಾಖದ ಹಸಿವು ಉಳಿದವಕ್ಕಿಂತ ಹೆಚ್ಚು.

ಇನ್ನು ನಡಿಗೆ. ಹೀತ್‌ನಲ್ಲಿ ನಡೆದಷ್ಟೂ ಕಾಣುವುದು ಕಡಿಮೆ. ನಾನು ದಾರಿಯ ನೂರೈವತ್ತು ಮೀಟರ್‌ ಆರಿಸಿಕೊಂಡು ಅದಕ್ಕೆ ಒಂದು ಗಂಟೆ ಕೊಡುತ್ತೇನೆ. ದಕ್ಷಿಣಕ್ಕೆ ಇಳಿಜಾರಿರಬೇಕು, ಹಳೆಯ ಹೆದರ್ ಮೊಣಕಾಲೆತ್ತರ ಬೆಳೆದು ನಡುವೆ ಬಿರಿದಿರಬೇಕು, ಪಕ್ಕದಲ್ಲಿ ಬರಿ ಮರಳು ಕಾಣಬೇಕು. ಎರಡು ಮೀಟರಿನಾಚೆ ನೋಡುವುದಿಲ್ಲ. ಹಾವಿನ ಆಕಾರ ಹುಡುಕುವುದೂ ಇಲ್ಲ, ಕಡ್ಡಿಗಳ ನಡುವೆ ಕಡ್ಡಿಯಲ್ಲದ ನುಣುಪು ಎಲ್ಲಿದೆ ಎಂದು ಮಾತ್ರ ನೋಡುತ್ತೇನೆ. ಆ ನೂರೈವತ್ತು ಮೀಟರ್ ಯಾವುದು, ಅದನ್ನು ದೂರದಿಂದಲೇ ಗುರುತಿಸಲು ನಾನು ನೋಡುವ ಇನ್ನೊಂದು ಗಿಡ ಯಾವುದು ಎಂದು ಕೇಳಬೇಡಿ. ಮೊದಲನೆಯದು ಹಾವಿನ ಹಿತಕ್ಕೆ, ಎರಡನೆಯದು ನನ್ನ ಹಿತಕ್ಕೆ.

ದುರ್ಬೀನಿನ ಮಾತು. ಹಕ್ಕಿಗೆಂದು ಕೊಂಡ 10×42 ಇಲ್ಲಿ ಕುತ್ತಿಗೆಗೆ ಭಾರ ಅಷ್ಟೇ. ಅದನ್ನು ಮಾರಿ ಪೆಂಟಾಕ್ಸ್ ಪಪಿಲಿಯೊ ತೆಗೆದುಕೊಂಡೆ, ನೂರಿಪ್ಪತ್ತು ಪೌಂಡಿನ ಆಸುಪಾಸು. ಅರ್ಧ ಮೀಟರಿನಲ್ಲಿರುವುದನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಹಾವಿನ ಕಣ್ಣಿನ ಪಾಪೆ ನೋಡಬೇಕಾದರೆ ಇಂಥದೇ ಬೇಕು. ಅಡುಗೆಮನೆಯವರು ಬಳಸುವ ಇನ್ಫ್ರಾರೆಡ್ ಉಷ್ಣಮಾಪಕವನ್ನೂ ಇಪ್ಪತ್ತು ಪೌಂಡಿಗೆ ತಂದು ಒಂದು ಬೇಸಿಗೆಯಿಡೀ ಮರಳು, ಒಣ ಹೆದರ್, ಪಾಚಿ ಎಲ್ಲದರ ಬಿಸಿ ಬರೆದಿಟ್ಟೆ. ಮೋಡದ ಮಧ್ಯಾಹ್ನವೂ ಒಣ ಹೆದರಿನ ಮೇಲ್ಮೈ ಗಾಳಿಗಿಂತ ಏಳೆಂಟು ಡಿಗ್ರಿ ಬಿಸಿ ಇರುತ್ತಿತ್ತು. ಪುಸ್ತಕ ತುಂಬಿತು, ಹಾವು ಮಾತ್ರ ಅದರಿಂದ ಸಿಗಲಿಲ್ಲ. ಆದರೂ ಆ ಲೆಕ್ಕ ನನಗೆ ಪ್ರಿಯ.

ನೈಟ್‌ಜಾರ್ ಎಂಬ ರಾತ್ರಿಹಕ್ಕಿಯ ದನಿ ಕೇಳಲೆಂದು ಜೂನ್‌ನಲ್ಲಿ ಒಮ್ಮೆ ಹತ್ತಿರದ ಹಾರ್ಟ್‌ಲ್ಯಾಂಡ್ ಮೂರ್ ಕಡೆಗೂ ಹೋದೆ. ಸೂರ್ಯ ಮುಳುಗಿದ ಮೇಲೆ ಆ ಚುರ್ರೆಂಬ ಒಂದೇ ಸಮನೆಯ ಸದ್ದು ಶುರುವಾಯಿತು, ಕೊನೆಯ ರೈಲಿನ ಚಿಂತೆಯೂ ಅದರೊಂದಿಗೇ ಶುರುವಾಯಿತು. ಗಂಡು ಹಕ್ಕಿಯ ರೆಕ್ಕೆಯ ಬಿಳಿ ಮಚ್ಚೆಯನ್ನು ಅನುಕರಿಸಿ ಬಿಳಿ ಕರವಸ್ತ್ರ ಬೀಸಿದರೆ ಅದು ಹತ್ತಿರ ಬರುತ್ತದೆ ಎಂದು ಹೇಳಿಕೊಡುವವರಿದ್ದಾರೆ. ನೆಲದಲ್ಲಿ ಗೂಡು ಮಾಡುವ ಹಕ್ಕಿಯನ್ನು ಹಾಗೆ ಕಾಡುವುದು ನನಗೆ ಸರಿ ಕಾಣದು.

ನನ್ನೂರು ತೀರ್ಥಹಳ್ಳಿಯ ಕಡೆ. ಮಂಗನ ಕಾಯಿಲೆಯ ಭಯದಲ್ಲಿ ಕಾಡಿಗೆ ಹೋಗುವಾಗ ಆರೋಗ್ಯ ಇಲಾಖೆಯ ಎಣ್ಣೆ ಹಚ್ಚಿಕೊಂಡು ಬೆಳೆದವನಿಗೆ ಉಣುಗಿನ ವಿಷಯ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿಯ ಉಣುಗು ಲೈಮ್ ಕಾಯಿಲೆ ತರುತ್ತದೆ. ತಿಳಿ ಬಣ್ಣದ ಪ್ಯಾಂಟು, ಅದರ ತುದಿ ಕಾಲುಚೀಲದೊಳಗೆ, ಮನೆಗೆ ಬಂದೊಡನೆ ಮೈಯೆಲ್ಲ ಪರೀಕ್ಷೆ. ಆಡರ್ ಬಗ್ಗೆ ಮಾತ್ರ ನನ್ನ ಇಂಗ್ಲಿಷ್ ಗೆಳೆಯರ ಅಂಜಿಕೆ ಅತಿಯಾಯಿತು. ಅದರ ಕಡಿತದಿಂದ ಬ್ರಿಟನ್ನಿನಲ್ಲಿ ಕೊನೆಯ ಸಾವು ಆದದ್ದು 1975ರಲ್ಲಿ. ಕೊಳಕುಮಂಡಲದ ಸೀಮೆಯಿಂದ ಬಂದವರು ಆಡರನ್ನು ಗೌರವಿಸಿದರೆ ಸಾಕು.

ಆ ದಿನ ಬೆಳಗ್ಗೆ ರೆಡಿಂಗ್‌ನಲ್ಲಿ ಮಳೆ ಸುರಿಯುತ್ತಿತ್ತು. ಇಂಥ ಹವೆಯಲ್ಲಿ ಹೋಗುವುದು ಹುಚ್ಚು ಎಂದು ಗುಂಪಿನಲ್ಲಿ ಸಂದೇಶ ಬಂತು. ಆರ್ನ್ ತಲುಪುವ ಹೊತ್ತಿಗೆ ಮಳೆ ನಿಂತು ಹೆದರ್ ಹೂವಿನ ಮೇಲೆ ಜೇನುಹುಳುಗಳು ಎದ್ದಿದ್ದವು. ನಿಂತಲ್ಲೇ ನಿಂತದ್ದಕ್ಕೆ ಮೊದಲು ಡಾರ್ಟ್‌ಫರ್ಡ್ ವಾರ್ಬ್ಲರ್ ಜೋಡಿಯೊಂದು ಗೋರ್ಸ್ ತುದಿಗೆ ಬಂದು ಬೈದುಹೋಯಿತು. 1962–63ರ ಕಡುಚಳಿಗಾಲದ ನಂತರ ದೇಶದಲ್ಲೇ ಸುಮಾರು ಹತ್ತು ಜೋಡಿ ಮಾತ್ರ ಉಳಿದಿದ್ದ ಹಕ್ಕಿ ಇದು, ಬೈಗುಳವೂ ಭಾಗ್ಯವೇ. ಆಮೇಲೆ ನಾಲ್ಕು ಗಂಟೆಯ ಸುಮಾರಿಗೆ ಬೂದುಗಂದು ಬಣ್ಣದ ಒಂದು ನುಣುಪು ಕಾಣಿಸಿತು. ಬೆನ್ನ ಮೇಲೆ ಜೋಡಿ ಚುಕ್ಕೆಗಳ ಸಾಲು, ತಲೆಯ ಮೇಲೆ ಕಿರೀಟದಂಥ ಕಪ್ಪು ಗುರುತು, ಕಣ್ಣಿನ ಮೇಲೆ ಹಾದ ಕಪ್ಪು ಪಟ್ಟಿ, ಮತ್ತು ದುಂಡು ಪಾಪೆ. ಚಿತ್ರ ಕಳಿಸಿದಾಗ ಇಬ್ಬರು ಅದು ಆಡರ್ ಎಂದು ವಾದಿಸಿದರು. ಆಡರಿನ ಪಾಪೆ ನಿಂತ ಸೀಳು. ಪಾಪೆಯನ್ನಷ್ಟೇ ದೊಡ್ಡದು ಮಾಡಿ ಮತ್ತೆ ಕಳಿಸಿದೆ, ಉತ್ತರ ಬರಲಿಲ್ಲ. ಅದೇ ಹಾದಿಯಲ್ಲಿ ಸೆಪ್ಟೆಂಬರಿನ ಇನ್ನೊಂದು ಮೋಡದ ಮಧ್ಯಾಹ್ನ ಮತ್ತೊಂದು ಸಿಕ್ಕಿತು, ಅದನ್ನು ನೋಡಲು ವಾದಿಸಿದವರಲ್ಲಿ ಒಬ್ಬರು ಪಕ್ಕದಲ್ಲೇ ಇದ್ದರು.

ಈಗ ಆರರಲ್ಲಿ ಬಾಕಿ ಸ್ಲೋ ವರ್ಮ್ ಒಂದೇ, ಕಾಲಿಲ್ಲದ ಆ ಹಲ್ಲಿ. ತಮಾಷೆಯೆಂದರೆ ಬಾಡಿಗೆಗೆ ಹಿಡಿದಿರುವ ನನ್ನ ತರಕಾರಿ ತೋಟದ ಗೊಬ್ಬರದ ರಾಶಿಯಲ್ಲಿ ಮೂರು ಸ್ಲೋ ವರ್ಮ್‌ಗಳು ಸುಖವಾಗಿವೆ. ಅವನ್ನೇ ಲೆಕ್ಕಕ್ಕೆ ಹಾಕಿಕೋ ಎನ್ನುತ್ತಾರೆ ಆ ಹಿರಿಯರು. ಆಗದು, ಆರ್ನ್‌ನ ನೆಲದಲ್ಲೇ ಕಾಣಬೇಕು. ಅದು ಮೈಕಾಯಿಸಲು ಹೊರಗೆ ಬರುವುದು ಕಡಿಮೆ, ಕವುಚಿದ ಕಲ್ಲು ಮರದ ಅಡಿಯಲ್ಲೇ ಬದುಕು, ನಾನೋ ಏನನ್ನೂ ಎತ್ತುವವನಲ್ಲ. ಮಾರ್ಚ್‌ನಿಂದ ಶುರುಮಾಡುತ್ತೇನೆ.