ಟೇಪು ಹಿಡಿದು ಟೀಕೆ: ವಿವಾದದ ಶಾಸಕರೊಬ್ಬರಿಂದ ಉತ್ತರ ತರಿಸಿದ ಬಗೆ

"ಅವರ ಉಸಾಬರಿ ನಮಗ್ಯಾಕೆ ಮಾರಾಯ್ರೆ" ಎಂದವರೇ ಜಾಸ್ತಿ. ಮುಂಬಯಿ ಉಪನಗರದ ಆ ಶಾಸಕರ ಬಾಯಿ ಎಂಥದೆಂದು ಎಲ್ಲರಿಗೂ ಗೊತ್ತು. ಆದರೂ ಮಳೆಗಾಲಕ್ಕೆ ಮುಂಚೆ ಗಟಾರದ ಬಾಕಿ ಕೆಲಸ ಮುಗಿಯಿತು, ಅವರ ಕಚೇರಿಯಿಂದ ಉತ್ತರವೂ ಬಂತು.

ಶಾಸಕರಿಗೆ ಬರೆದ ಮೊದಲ ಎರಡು ಪತ್ರ ಕೆಟ್ಟದ್ದು ಒಂದೇ ಮಾತಿನಿಂದ. "ಗಟಾರದ ದುಡ್ಡು ನುಂಗಿದ್ದಾರೆ" ಎಂದು ಬರೆದಿತ್ತು. ನುಂಗಿದ್ದಕ್ಕೆ ಕಾಗದ ಎಲ್ಲಿದೆ? ಮರಾಠಿಗೆ ಹೋಗುವಷ್ಟರಲ್ಲಿ ಅದು ಕಳ್ಳತನದ ಆರೋಪವಾಗಿ, ಬೆಂಬಲಿಗರು ಅದೊಂದನ್ನೇ ಹಿಡಿದುಕೊಂಡರು. ಮೂರನೆಯದರಲ್ಲಿ ಆ ಸಾಲು ಹೀಗಾಯಿತು: "ಮೆಜರ್‌ಮೆಂಟ್ ಬುಕ್ಕಿನಲ್ಲಿ 180 ಮೀಟರ್ ಎಂದಿದೆ. ಸ್ಥಳದಲ್ಲಿ ಟೇಪು ಹಿಡಿದರೆ 130. ಉಳಿದ 50 ಮೀಟರ್ ಮೇ ಒಳಗೆ ಮಾಡಿಸಿಕೊಡಿ." ಇಂಥ ಸಾಲಿಗೆ ನುಣುಚಿಕೊಳ್ಳಲು ಸಂದಿಯಿಲ್ಲ. ಇದರಲ್ಲಿ ಈಗ ನನ್ನ ಕೈ ಚೆನ್ನಾಗಿ ಪಳಗಿದೆ.

ಮೆಜರ್‌ಮೆಂಟ್ ಬುಕ್ಕೆಂದರೆ ಮಾಡಿದ ಕೆಲಸದ ಅಳತೆ ಬರೆದಿಡುವ ಸರ್ಕಾರಿ ಪುಸ್ತಕ. ಅದರ ಪ್ರತಿ ಸಿಗುವುದು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಯಿಂದ. ಅದರಲ್ಲಿ ಹೆಚ್ಚಿನವರು ಎಡವುವುದು "ಯಾಕೆ" ಎಂದು ಕೇಳಿ. "ಯಾಕೆ"ಗೆ ಉತ್ತರ ಮಾಹಿತಿಯ ಲೆಕ್ಕಕ್ಕೆ ಬರುವುದಿಲ್ಲವೆಂದು ಬಾಂಬೆ ಹೈಕೋರ್ಟಿನ ಗೋವಾ ಪೀಠ 2008ರಲ್ಲೇ ಹೇಳಿದೆ. ವರ್ಕ್ ಆರ್ಡರ್, ಮೆಜರ್‌ಮೆಂಟ್ ಬುಕ್, ಕೆಲಸ ಮುಗಿದ ಸರ್ಟಿಫಿಕೇಟು, ಇವುಗಳ ಪ್ರತಿ ಕೇಳಿ. ಮಹಾರಾಷ್ಟ್ರದಲ್ಲಿ 150 ಪದದ ಮಿತಿ, ಒಂದು ಅರ್ಜಿಗೆ ಒಂದೇ ವಿಷಯ. 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು, ಪ್ರತಿಗೆ ಪುಟಕ್ಕೆ 2. ಶಾಸಕರ ನಿಧಿಯ ಕೆಲಸವನ್ನು ಪಾಲಿಕೆಗೆ ಕೇಳಿ ತಿಂಗಳೊಂದು ದಂಡವಾಯಿತು. ಕಡತ ಇದ್ದದ್ದು ಬಾಂದ್ರಾದ ಜಿಲ್ಲಾಧಿಕಾರಿ ಕಚೇರಿಯಲ್ಲಿ. 30 ದಿನ ದಾಟಿದರೂ ಉತ್ತರವಿಲ್ಲದ ಒಂದಕ್ಕೆ ಮೇಲ್ಮನವಿ, ಅದಕ್ಕೆ ಮತ್ತೆ 20 ರೂಪಾಯಿ. ನಾಲ್ಕು ಅರ್ಜಿ, ನೂರರ ಆಸುಪಾಸು ಪುಟ, ಅಂಚೆ, ಝೆರಾಕ್ಸ್ ಎಲ್ಲ ಸೇರಿ 600ರ ಸುಮಾರು.

ಪತ್ರ ಒಂದೇ ಪುಟ, ಮರಾಠಿಯಲ್ಲಿ. ಕನ್ನಡದ ಪ್ರತಿ ನಮ್ಮವರಿಗೆ. ಮೊದಲ ಸಾಲಿನಲ್ಲಿ ಅವರು ನಿಜಕ್ಕೂ ಮಾಡಿಸಿದ ಒಂದು ಕೆಲಸ ಇರಲಿ, ಅದೂ ಅಳತೆಯೊಂದಿಗೆ. ಅದಿಲ್ಲದಿದ್ದರೆ ಅವರ ಕಡೆಯವರು ಎರಡನೆಯ ಸಾಲಿಗೇ ಬರುವುದಿಲ್ಲ. ಊರಿಗೆ ಹಂಚುವ ಮುಂಚೆ ಏಳು ದಿನ ಅವರಿಗೆ ಬಿಡಬೇಕು. ಯಾವ ವಾರ, ಯಾರ ಕೈಗೆ ಕೊಟ್ಟರೆ ಪೋಚ್ (ಪತ್ರ ತಲುಪಿದ್ದಕ್ಕೆ ರಸೀದಿ) ಸಿಗುತ್ತದೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ಭಾಷೆಯ ಬಗ್ಗೆ ಅವರಾಡಿದ ಮಾತನ್ನೂ ಅದೇ ಪುಟಕ್ಕೆ ಸೇರಿಸಿ ನೋಡಿದ್ದುಂಟು. ಗಟಾರ ಮರೆತೇ ಹೋಯಿತು, ಜಗಳವೆಲ್ಲ ಭಾಷೆಯದ್ದೇ. ಆ ಮಾತಿಗೆ ಬೇರೆಯೇ ಪುಟ ಬೇಕು: ವಿಡಿಯೊದ ನಿಮಿಷ, ಸೆಕೆಂಡು, ಹಿಂದಿನ ಮುಂದಿನ ಎರಡೆರಡು ವಾಕ್ಯ, ಅವರದೇ ಮರಾಠಿಯಲ್ಲಿ, ಆಮೇಲೆ "ನಮಗೆ ಅನಿಸುವುದು" ಎಂದು ಪ್ರತ್ಯೇಕ ಪ್ಯಾರಾ. ಮಾನನಷ್ಟದ ಕಲಂ, ಹಿಂದಿನ ದಂಡ ಸಂಹಿತೆಯ 499, ಈಗಿನ ಭಾರತೀಯ ನ್ಯಾಯ ಸಂಹಿತೆಯ 356, ಸಾರ್ವಜನಿಕ ನಡತೆಯ ಮೇಲಿನ ಸದ್ಭಾವನೆಯ ಅಭಿಪ್ರಾಯಕ್ಕೆ ವಿನಾಯಿತಿ ಕೊಡುತ್ತದೆ. ನಡೆದದ್ದನ್ನೂ ಅನಿಸಿದ್ದನ್ನೂ ಕಲಸಿಟ್ಟರೆ ಆ ವಿನಾಯಿತಿ ತೋರಿಸುವುದು ಕಷ್ಟ. ಮನೆಯವರು, ಜಾತಿ, ಮೈಕಟ್ಟು, ಇವುಗಳ ಬಗ್ಗೆ ಒಂದಕ್ಷರವೂ ಬೇಡ.

ಭಾಷೆಯ ಮಾತಿನ ಆ ಎರಡನೆಯ ಪುಟ ಈಗ ಶಾಸಕರ ಕೈಯಲ್ಲಿದೆ. ಏಳು ದಿನ ಬರುವ ಶುಕ್ರವಾರಕ್ಕೆ ಮುಗಿಯುತ್ತದೆ.